ನಾಲ್ಕನೆಯ ಬಾವಿಯ ಪಾಠ

ಮುದಗಲ್ಲು
2391ನೇ ಇಸವಿ, ಹದಿಮೂರನೆಯ ತಿಂಗಳ ಆರನೆಯ ದಿನ

ಹಿಂದಿನ ಕಾಲದ ಮೇಷ್ಟ್ರುಗಳಿಗೂ ಟೀಚರಮ್ಮಂದಿರಿಗೂ ಗಿರಿಜವ್ವ ಬಣಕಾರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಹನ್ನೆರಡು ತಿಂಗಳಲ್ಲಿ ಬೇಸಿಗೆ ಹಿಡಿಸದಾದಾಗ ನಮ್ಮ ಹಿರಿಯರು ಇನ್ನೊಂದನ್ನು ಸೇರಿಸಿಕೊಂಡರು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಹಳೆಯ ಪಠ್ಯಪುಸ್ತಕಗಳಿಂದ ಕಲಿತವಳು, ಈಗಂತೂ ದಣಿದಿದ್ದೇನೆ.

ನಮ್ಮಲ್ಲಿ ಹತ್ತು ತುಂಬಿದ ಮಕ್ಕಳ ಕಿವಿಯ ಹಿಂದೆ ತಿರುಳುಬಿಲ್ಲೆ ಅಂಟಿಸುತ್ತಾರೆ. ಏನನ್ನಾದರೂ ಓದಿ ಮುಗಿಸಿದ ಕೂಡಲೇ, ಇದರ ಅರ್ಥ ಇಷ್ಟು ಎಂದು ಅದು ಹೇಳಿಬಿಡುತ್ತದೆ. ಒಮ್ಮೆ ಅಂಟಿದರೆ ಚರ್ಮದೊಳಗೆ ಬೆರೆತುಹೋಗುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ. ಬಿಲ್ಲೆಯಿಲ್ಲದೆ ಓದಲು ಅನುಮತಿಯಿರುವುದು ನನ್ನ ತರಗತಿಯ ಹನ್ನೊಂದು ಮಕ್ಕಳಿಗೆ ಮಾತ್ರ, ಅದೂ ವರ್ಷದ ಪರೀಕ್ಷೆಯಲ್ಲಿ ಪಾಸಾದರೆ. ನನ್ನ ಪದ್ಧತಿ ಸರಳ. ಓದಿದ ಮೇಲೆ ಪುಸ್ತಕ ಮುಚ್ಚಿ, ಶಾಲೆಯ ಅಡುಗೆಮನೆಗೆ ಹೋಗಿ, ಅಲ್ಲಿ ಅಡುಗೆ ಮಾಡುವ ಅಕ್ಷರ ಬಾರದ ಕಾಶವ್ವನಿಗೆ ಓದಿದ್ದನ್ನು ಹೇಳಬೇಕು. ರೊಟ್ಟಿ ಬಡಿಯುತ್ತಲೇ ಆಕೆ "ಹಂಗ್ಯಾಕ?" ಎಂದು ಕೇಳುತ್ತಾಳೆ. ಉತ್ತರ ಗೊತ್ತಿಲ್ಲದ ಮಗು ತಿರುಗಿ ಬಂದು ಮತ್ತೆ ಓದುತ್ತದೆ. ಕೆಲವು ಮಕ್ಕಳು ಒಂದೇ ಪುಟಕ್ಕೆ ಐದು ಸಲ ಅಡುಗೆಮನೆ ತುಳಿದದ್ದುಂಟು.

ಈ ವರ್ಷ ನಾನು ತಪ್ಪು ಮಾಡಿದೆ. ಪರೀಕ್ಷೆ ಹತ್ತಿರ ಬಂದಿತ್ತು, ಮೊಣಕಾಲು ನೋವು ಬೇರೆ. ಪ್ರತಿ ಪಾಠಕ್ಕೂ ಕಾಶವ್ವ ಏನು ಕೇಳುತ್ತಾಳೆ, ಏನು ಹೇಳಿದರೆ ತಲೆಯಾಡಿಸುತ್ತಾಳೆ ಎಂಬುದನ್ನೆಲ್ಲ ಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದೆ. ಬಿಲ್ಲೆಯನ್ನು ಬೈಯುತ್ತಲೇ ನಾನೇ ಬಿಲ್ಲೆಯಾದೆ. ನಾಚಿಕೆಯಾಗುತ್ತದೆ.

ಪರೀಕ್ಷೆಗೆ ಬಂದದ್ದು ನಾನು ಪ್ರತಿ ವರ್ಷ ಮಾಡುವ, ನಿಮ್ಮ ಕಾಲದ ಒಂದು ಪುಟ್ಟ ಪಾಠ. ಒಬ್ಬ ಹೆಂಗಸು ಊರೊಳಗಿನ ಮೂರು ಬಾವಿಗಳನ್ನು ದಾಟಿ, ಬಿಸಿಲಿನಲ್ಲಿ ನಾಲ್ಕನೆಯ ಬಾವಿಗೆ ನಡೆದು ನೀರು ತರುತ್ತಾಳೆ. ಏಕೆಂದು ಪಾಠದಲ್ಲಿಲ್ಲ. ಅಡುಗೆಮನೆಗೇ ಬಂದು ಕುಳಿತ ಪರೀಕ್ಷಾ ಸಮಿತಿಯವರ ಎದುರು ಕಾಶವ್ವ ಎಂದಿನಂತೆ "ಹಂಗ್ಯಾಕ?" ಎಂದಳು. ಹತ್ತು ಮಕ್ಕಳು, ನಾನು ಬರೆಸಿದ್ದ ಅದೇ ಮಾತುಗಳಲ್ಲಿ, ಆ ನೀರು ಸಿಹಿಯಾಗಿತ್ತು ಎಂದರು. ಸಮಿತಿಯವರು ಮೆಚ್ಚಿ ತಲೆದೂಗಿದರು. ಕೊನೆಗೆ ಬಾಳವ್ವ ಎದ್ದಳು. ಓದುವುದರಲ್ಲಿ ಎಲ್ಲರಿಗಿಂತ ನಿಧಾನ, ಬಾಯಿಪಾಠವಂತೂ ಅವಳಿಗೆ ಒಗ್ಗಿದ್ದೇ ಇಲ್ಲ.

"ನೀರು ಸಿಹಿ ಅಂತ ಇದರಾಗ ಎಲ್ಲೂ ಇಲ್ರಿ," ಎಂದಳು. "ದಾರ್‍ಯಾಗ ಯಾರೂ ಆಕಿನ್ನ ಮಾತಾಡ್ಸಂಗಿಲ್ಲ. ಬಾವಿ ಬಂದಾಗೊಮ್ಮೆ ಆಕಿ ದೂರ ಸರದು ನಡೀತಾಳ. ಆ ಮೂರು ಬಾವ್ಯಾಗ ಆಕಿಗೆ ನೀರು ಸೇದಾಕ ಬಿಟ್ಟಿಲ್ರಿ."

ಕಾಶವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಸಮಿತಿಯವರು ತಮ್ಮ ಬಿಲ್ಲೆಗಳನ್ನು ಕೇಳಿ ನೋಡಿದರು. ಅಂಥ ಉತ್ತರ ಅಲ್ಲಿರಲಿಲ್ಲ. ಬಾಳವ್ವ ಫೇಲು ಎಂದು ಬರೆದರು. ಉಳಿದ ಹತ್ತು ಮಕ್ಕಳಿಗೂ ನನ್ನ ತರಗತಿಗೂ ಶಹಬ್ಬಾಸ್ ಸಿಕ್ಕಿತು.

ನಾಳೆ ಬೆಳಿಗ್ಗೆ ಅವಳಿಗೆ ಬಿಲ್ಲೆ ಅಂಟಿಸುವ ಕಾಗದಕ್ಕೆ ನಾನು ರುಜು ಹಾಕಬೇಕು. ನಾನು ಹಾಕುವುದಿಲ್ಲ. ಅವಳ ಉತ್ತರವೇ ಸರಿ, ಉಳಿದವರದು ನಾನು ಬರೆಸಿದ್ದು ಎಂದು ಹೇಳುತ್ತೇನೆ. ತರಗತಿಯನ್ನು ಮುಚ್ಚಿದರೂ ಮುಚ್ಚಲಿ. ಬಾಳವ್ವನನ್ನು ನನ್ನ ಮನೆಯಲ್ಲೇ ಕೂರಿಸಿ ಓದಿಸುತ್ತೇನೆ, ಎಷ್ಟು ದಿನ ಬಿಡುತ್ತಾರೋ ಅಷ್ಟು ದಿನ.

ನಿಮ್ಮಲ್ಲಿ ನನ್ನದು ಇಷ್ಟೇ ಬೇಡಿಕೆ. ಪಾಠ ಓದಿಸಿದ ಕೂಡಲೇ ಸಾರಾಂಶ ಬರೆಸಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಕ್ಕಳು ಏನು ಹೇಳುತ್ತಾರೋ ಕೇಳಿ. ಸಿಲೆಬಸ್ ಮುಗಿಯುವುದಿಲ್ಲ ಎನ್ನುತ್ತೀರಿ, ನನಗೆ ಗೊತ್ತು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಈಗ ಬಾಳವ್ವನ ಮನೆಗೆ ಹೊರಟಿದ್ದೇನೆ. ಇಪ್ಪತ್ತೆರಡು ವರ್ಷ ಆ ಪಾಠ ಮಾಡಿದ ನನಗೂ ಅದು ಅರ್ಥವಾಗಿರಲಿಲ್ಲ ಎಂದು ಅವಳಿಗೆ ಹೇಳಬೇಕು.