ತುಂಬಿದ ಗಾಡಿಯ ಪಕ್ಕದ ನಡಿಗೆ

ದಾವಣಗೆರೆ
೧೬-೧-೧೯೬೨

ಪ್ರೀತಿಯ ಅಪ್ಪಾ,

ನಿನ್ನ ಮಂಡಿನೋವು ಹೇಗಿದೆ? ಕೆಂದೆತ್ತಿನ ಹೆಗಲ ಹುಣ್ಣು ಮಾಯಿತೇ? ನಾನು ಕ್ಷೇಮ, ಹಾಸ್ಟೆಲಿನ ಸಾರು ಮಾತ್ರ ಎಂದಿನಂತೆ ನೀರು. ತಂಗಿ ಮೈಲಮ್ಮಾ, ಇದನ್ನು ಅಪ್ಪನಿಗೆ ಗಡಬಡಿಸದೆ ಓದಿ ಹೇಳವ್ವ.

ನಿನ್ನೆ ಇಂಗ್ಲಿಷ್ ಕ್ಲಾಸಿನಲ್ಲಿ ಪಂಚಾಕ್ಷರಪ್ಪ ಮೇಷ್ಟ್ರು ‘ಪ್ಲಾಡ್’ ಎಂಬ ಪದ ಕೊಟ್ಟು, ಒಬ್ಬೊಬ್ಬರೂ ಒಂದು ಸೆಂಟೆನ್ಸ್ ಬರೆಯಿರಿ ಎಂದರು. ನನ್ನ ಪುಟ್ಟ ಡಿಕ್ಷನರಿಯಲ್ಲಿ ನಿಧಾನವಾಗಿ ನಡೆಯುವುದು ಎಂದಷ್ಟೇ ಇತ್ತು. ಉಳಿದವರೆಲ್ಲ ಆಮೆಯ ಬಗ್ಗೆ ಬರೆದರು. ನನಗೆ ಹೆದರಿಕೆಯಲ್ಲಿ ಏನೂ ಹೊಳೆಯದೆ, ಕಣ್ಣಿಗೆ ಕಟ್ಟಿದ್ದನ್ನೇ ಬರೆದುಬಿಟ್ಟೆ: ಹರಿಹರದಿಂದ ದಾವಣಗೆರೆಗೆ ಹತ್ತಿಗಾಡಿಯ ಪಕ್ಕದಲ್ಲಿ ನಮ್ಮಪ್ಪ ಪ್ಲಾಡ್ ಮಾಡುತ್ತಾನೆ. ಮೇಷ್ಟ್ರು ನನ್ನನ್ನು ಎಬ್ಬಿಸಿ, “ಗಾಡಿ ಇದ್ದವ ಯಾಕ ನಡೀತಾನಯ್ಯಾ? ಕೂತು ಬರ್ತಾನೆ. ತಪ್ಪು,” ಎಂದರು.

ಕಾಲೇಜು ಸೇರಿದಾಗಿನಿಂದ ನಮ್ಮಪ್ಪ ಹತ್ತಿ ಸಾಹುಕಾರ ಎಂದು ಹೇಳಿಕೊಂಡು ಬಂದವನು ನಾನು. ಅದಕ್ಕೇ ದಸರಾದಲ್ಲಿ ನಿನಗೆ, ಗಾಡಿ ಹಾಸ್ಟೆಲ್ ಮುಂದೆ ತರಬ್ಯಾಡ ಎಂದಿದ್ದು. ನೀನು ಯಾಕೆಂದು ಕೇಳಲಿಲ್ಲ. ಅಂದಿನಿಂದ ಹಿಂದಿನ ಓಣಿಯಲ್ಲೇ ಹೋಗುತ್ತೀ. ನಿನ್ನೆಯೂ ತಪ್ಪೆಂದು ಒಪ್ಪಿ ಕೂತಿದ್ದರೆ ಮುಗಿಯುತ್ತಿತ್ತು. ಆದರೆ ತಪ್ಪಿರಲಿಲ್ಲವಲ್ಲ. “ಗಾಡಿ ತುಂಬಿದ್ರೆ ನಮ್ಮಪ್ಪ ಹತ್ತಲ್ಲ ಸಾರ್. ಎತ್ತಿಗೆ ಭಾರ ಆಗ್ತೈತೆ ಅಂತ ಅದರ ಬೆನ್ನಿಗೆ ಕೈಯಿಟ್ಟು ಜತೆಗೇ ನಡೀತಾನೆ. ಖಾಲಿ ಆದ್ಮೇಲೇ ಕೂಡೋದು,” ಎಂದೆ.

ಹಿಂದಿನ ಬೆಂಚಿನ ಕರಿಬಸವರಾಜ, “ಏನ್ಲೇ, ಸಾಹುಕಾರ್ರು ಗಾಡಿ ಹೊಡೀತಾರಾ?” ಎಂದ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಬೋರ್ಡಿನ ಮೇಲೆ ತಾವು ಬರೆದಿದ್ದ ಆಮೆಯ ಸೆಂಟೆನ್ಸ್ ಅಳಿಸಿ ನನ್ನದನ್ನು ಬರೆದರು. “ಆಮೆಗೇನು ದಣಿವು? ದಣಿದ್ರೂ ನಿಲ್ಲದೆ ನಡೆಯೋರಿಗೆ ಈ ಪದ. ತಪ್ಪು ನಂದು, ಕೂತ್ಕೊ,” ಎಂದರು.

ಈಗ ಹಾಸ್ಟೆಲಿನಲ್ಲಿ ಎಲ್ಲರೂ ನನ್ನನ್ನು ಸಾಹುಕಾರ ಎಂದೇ ಕರೆಯುತ್ತಾರೆ. ಕರೆಯಲಿ. ಕರಿಬಸವರಾಜನೇ ಊಟಕ್ಕೆ ಪಕ್ಕದಲ್ಲಿ ಕೂತು ಕೆಂದೆತ್ತಿಗೆ ವಯಸ್ಸೆಷ್ಟು ಎಂದು ಕೇಳಿದ. ಆ ನೀರುಸಾರಿನಲ್ಲೇ ಹೊಟ್ಟೆ ತುಂಬ ಉಂಡೆ.

ಅವ್ವನಿಗೆ ನಮಸ್ಕಾರ, ಮೈಲಮ್ಮನಿಗೆ ಆಶೀರ್ವಾದ, ಎತ್ತುಗಳಿಗೆ ನನ್ನ ಹೆಸರಿನಲ್ಲಿ ಒಂದೊಂದು ಹಿಡಿ ಹಿಂಡಿ.

ನಿನ್ನ ಮಗ,
ಭರಮಣ್ಣ

ಅಂಚೆಯ ಹೊತ್ತಾಯಿತು, ಇದೊಂದು ಮಾತು: ಸೋಮವಾರ ಹಿಂದಿನ ಓಣಿ ಬ್ಯಾಡ. ಮುಂದಿನ ಗೇಟಿಗೇ ಬಾ, ನಿಂತಿರುತ್ತೇನೆ. ಹತ್ತಿ ಗಿರಣಿಯವರೆಗೆ ಗಾಡಿಯ ಆ ಪಕ್ಕ ನೀನು, ಈ ಪಕ್ಕ ನಾನು. ಖಾಲಿಯಾದ ಮೇಲೆ ಇಬ್ಬರೂ ಕೂತು ಬರೋಣ, ಹಾಸ್ಟೆಲ್ ಮುಂದೆಯೇ.