ಓದಲು ಬಾರದವರು ಓದಲು ಬರಬಾರದೇ?

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಮಗಳ ಶಾಲೆಯ ಕಂಪ್ಯೂಟರುಗಳಲ್ಲಿ ಪಾಠವನ್ನು ಓದಿ ಹೇಳುವ ದನಿಯೊಂದಿತ್ತು. ತಮ್ಮ ಆದೇಶದಂತೆ ಅದರ ಬಾಯಿಗೆ ಬೀಗ ಬಿದ್ದಿದೆ. ಅದನ್ನು ಯಾರೂ ಕದ್ದು ತಂದಿರಲಿಲ್ಲ, ಇಲಾಖೆಗೆ ಖರ್ಚೂ ಇರಲಿಲ್ಲ. ಕಂಪ್ಯೂಟರು ಬಂದ ದಿನದಿಂದ ಅದರ ಹೊಟ್ಟೆಯೊಳಗೇ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಕಾರಣವೇನೆಂದರೆ, "ವಿದ್ಯಾರ್ಥಿಯು ಸ್ವತಃ ಓದತಕ್ಕದ್ದು."

ಏಳನೇ ತರಗತಿಯ ಈ ಹುಡುಗಿಯನ್ನು ಮನೆಯಲ್ಲಿ ವಟವಟಿ ಎನ್ನುತ್ತೇವೆ. ಬಾಯಿ ತೆರೆದರೆ ಮುಚ್ಚುವವಳಲ್ಲ. ಪುಸ್ತಕ ತೆರೆದರೆ ಮಾತ್ರ ಒತ್ತಕ್ಷರಗಳು ಅವಳ ಕಣ್ಣೆದುರೇ ಜಾಗ ಬದಲಿಸುತ್ತವೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ. ದಡ್ಡಿ, ಸೋಮಾರಿ, ಅಮ್ಮನ ಮುದ್ದಿನಿಂದ ಕೆಟ್ಟವಳು, ಹೀಗೆ ಬಿರುದುಗಳಿಗೇನೂ ಕೊರತೆಯಾಗಲಿಲ್ಲ. ಕಳೆದ ವರ್ಷ ಬಂದ ಹೊಸ ಟೀಚರು ಸೆಟ್ಟಿಂಗ್ಸ್ ತೆರೆದು ಆ ದನಿಯನ್ನು ಆನ್ ಮಾಡಿಕೊಟ್ಟರು. ಓದುವ ಪದಕ್ಕೆ ಬಣ್ಣ ಬರುತ್ತಿತ್ತು, ಇವಳ ಬೆರಳು ಅದರ ಹಿಂದೆಯೇ ಓಡುತ್ತಿತ್ತು. ಬರೆಯಬೇಕಾದ್ದನ್ನು ಮೈಕಿಗೆ ಹೇಳಿದರೆ ಅಕ್ಷರ ಮೂಡುತ್ತಿತ್ತು. ಅದನ್ನು ಮತ್ತೆ ಕೇಳಿಸಿಕೊಂಡು ತಪ್ಪುಗಳನ್ನು ತಾನೇ ತಿದ್ದುತ್ತಿದ್ದಳು. ಒಂದು ದಿನ ಬಂದವಳೇ, "ಅಮ್ಮಾ, ಪಾಠದಲ್ಲಿ ತಮಾಷೆನೂ ಇರುತ್ತೆ ಗೊತ್ತಾ? ನಂಗೆ ಇವತ್ತು ನಗು ಬಂತು" ಎಂದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ನಿಂತು ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ನನಗೆ ಅಂದು ಕಾಲುನೋವು ನೆನಪಿಗೇ ಬರಲಿಲ್ಲ.

ಬೀಗ ಬಿದ್ದ ಮೇಲೆ ತಮ್ಮ ಕಚೇರಿಗೆ ಬಂದೆ. ನನ್ನ ಮನವಿಯನ್ನು ಗುಮಾಸ್ತರತ್ತ ತಳ್ಳಿ, "ಏನಂತೆ, ಓದಿ ಹೇಳಿ" ಎಂದಿರಿ. ಅವರು ಓದಿದರು, ತಾವು ಕೇಳಿದಿರಿ. ಆಮೇಲೆ ನನ್ನತ್ತ ತಿರುಗಿ, "ಓದೋಕೆ ಬರದಿದ್ದ ಮೇಲೆ ಓದೋಕೆ ಯಾಕಮ್ಮ ಬರ್ತಾಳೆ?" ಎಂದಿರಿ. ಸುತ್ತಲಿದ್ದವರೆಲ್ಲ ನಕ್ಕರು. ಮಾತು ಚೆನ್ನಾಗಿಯೇ ಇತ್ತು ಬಿಡಿ. ಅಕ್ಷರ ಕೂಡಿಸುವುದೂ ಓದು, ವಿದ್ಯೆ ಕಲಿಯುವುದೂ ಓದು. ಮೊದಲನೆಯದು ಕಷ್ಟವಾದವಳಿಗೆ ಎರಡನೆಯದೂ ಬೇಡವೆಂದು ಒಂದೇ ಏಟಿಗೆ ತೀರ್ಪು ಕೊಟ್ಟಿರಿ. ಆ ತೀರ್ಪನ್ನೂ ತಾವು ಬರೆಯಲಿಲ್ಲ. ತಾವು ಹೇಳಿದಿರಿ, ಗುಮಾಸ್ತರು ಬರೆದರು. ತಾವು ಮಾಡಿದರೆ ಇದು ಆಡಳಿತ, ನನ್ನ ಮಗಳು ಮಾಡಿದರೆ ನಕಲು. ವ್ಯತ್ಯಾಸ ಎಲ್ಲಿದೆಯೆಂದು ಅಲ್ಲೇ ಕೇಳಬೇಕಿತ್ತು, ಕೇಳದೆ ಎದ್ದು ಬಂದೆ.

ಟೀಚರನ್ನು ಕೇಳಿದರೆ, "ಮೇಲಿನವರ ಮಾತು, ನನ್ನ ಕೈಲಿ ಏನಿದೆಯಮ್ಮ?" ಎನ್ನುತ್ತಾರೆ. ಅವರ ತಪ್ಪೇನೂ ಇಲ್ಲ. ನಾನೇ ಓದಿ ಹೇಳೋಣವೆಂದರೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಅವಳಿಗೆ ಕಣ್ಣು ಎಳೆಯುತ್ತಿರುತ್ತದೆ, ನನಗೂ ಅಷ್ಟೇ. ಪರೀಕ್ಷೆ ಹತ್ತಿರ ಬಂತು. ವಟವಟಿ ಈಗ ಮಾತೇ ಆಡುವುದಿಲ್ಲ. ನಿನ್ನೆ ತಾನಾಗಿ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ನಿನ್ನ ಲಾಂಡ್ರೀಲಿ ಏನೂ ಓದೋದಿರಲ್ಲ, ಅಲ್ವಾ?"

ಇರುವುದಿಲ್ಲ ಎಂದೆ. ಇದ್ದದ್ದನ್ನೇ ಹೇಳಿದೆ. "ಹಾಗಾದ್ರೆ ನಾನೂ ಬರ್ತೀನಿ" ಎಂದು ಶಾಲೆಯ ಚೀಲವನ್ನು ಮಂಚದ ಕೆಳಗೆ ದೂಡಿದಳು.

ಪರೀಕ್ಷೆಗೆ ಮುಂಚೆ ಆ ಬೀಗ ತೆಗೆಸಿ. ಆಗದು ಎನ್ನುವುದಾದರೆ ಒಮ್ಮೆ ನಮ್ಮ ಮನೆಗೆ ಬಂದು, ನಿನಗೆ ವಿದ್ಯೆ ಬೇಡ ಎಂದು ಅವಳಿಗೆ ತಾವೇ ಹೇಳಿ ಹೋಗಿ. ನನ್ನ ಬಾಯಿಂದ ಅದು ಬರುವುದಿಲ್ಲ.

ಇಂತಿ,
ತಮ್ಮನ್ನು ನಗಿಸಲೆಂದು ಬಂದಿರದಿದ್ದ
ಒಬ್ಬ ತಾಯಿ