ಅಣ್ಣನನ್ನು ಹೊಸ್ತಿಲು ದಾಟಿಸಿದ ವೃತ್ತಾಂತ

ಮಾರ್ಚ್ 3, ಭಾನುವಾರ

ಅರಮನೆಯ ವರದಿ. ಮಹಾರಾಜ ಕೀಮಾರ್‌ರವರು ಹನ್ನೊಂದಕ್ಕೆ ಎದ್ದರು. ಹುರಿದ ಬಾಳೆಹಣ್ಣು ಎರಡು ತುಂಡು ಸ್ವೀಕರಿಸಿದರು. ಪರದೆ ಸರಿಸಿ ಬೀದಿಯನ್ನು ಅವಲೋಕಿಸಿದರು. ಪರದೆ ಮುಚ್ಚಿದರು. ದರ್ಬಾರು ಮುಕ್ತಾಯ.

ಅಣ್ಣ ಕೀಮಾರ್ ಮನೆಯಿಂದ ಹೊರಗೆ ಕಾಲಿಡದೆ ಇವತ್ತಿಗೆ ಐವತ್ತೊಂದು ದಿನ.

ಜನವರಿಯಲ್ಲಿ ಕೆಲಸ ಮುಗಿಸಿ ಬರುವಾಗ ಅವನನ್ನು ಇಲ್ಲಿನ ಬರ್ಮಿಂಗ್‌ಹ್ಯಾಮ್ ಪೊಲೀಸರು ತಡೆದರು. ಗೋಡೆಗೆ ಮುಖ, ಕಾಲು ಅಗಲ. ಜೇಬು, ಬ್ಯಾಗು, ಸಾಕ್ಸು — ಎಲ್ಲ ಜಾಲಾಡಿದರು. ಸಿಕ್ಕಿದ್ದು ಖಾಲಿ ಊಟದ ಡಬ್ಬಿ. ಅದು ಹತ್ತೊಂಬತ್ತನೇ ಸಲ. ಪ್ರತಿ ಸಲವೂ ಯಾಕೆ ತಡೆದೆವು ಎಂದು ಒಂದು ಚೀಟಿ ಕೊಡುತ್ತಾರೆ. 'ಹುಡುಕುತ್ತಿರುವ ವ್ಯಕ್ತಿಯ ಹಾಗೆ ಕಂಡ.' ಆ ವ್ಯಕ್ತಿ ಹೇಗಿದ್ದಾನಪ್ಪಾ ಅಂದರೆ — ಕಪ್ಪು, ಎತ್ತರ. ಆ ಲೆಕ್ಕಕ್ಕೆ ನಮ್ಮ ಚರ್ಚಿನಲ್ಲಿ ಹಾಡುವವರೆಲ್ಲ ಜೈಲಿನಲ್ಲಿರಬೇಕು.

ಡಾಕ್ಟರಿಗೆ ಫೋನ್ ಮಾಡಲು ಅಮ್ಮ ಒಪ್ಪುವುದಿಲ್ಲ. ತನ್ನ ತಮ್ಮ ಆಲ್ಟನ್ ಮಾವನಿಗೆ ತಲೆ ಕೆಟ್ಟಾಗ ಮಾಡಿದ್ದಳು. ಡಾಕ್ಟರ ಬದಲು ಬಂದದ್ದು ವ್ಯಾನು, ಆರು ಜನ ಪೊಲೀಸರು. ಮಾವ ತಿರುಗಿ ಬಂದದ್ದು ಏಳು ತಿಂಗಳ ಮೇಲೆ. ಈಗಲೂ ಚಮಚ ಹಿಡಿದರೆ ಕೈ ನಡುಗುತ್ತದೆ.

ಉಳಿದಿರುವುದು ಮಿಸ್ ಯುಲಾಲಿ. ರಿಟೈರ್ಡ್ ನರ್ಸ್, ನಮ್ಮಜ್ಜಿಯ ಹಾಗೆ ಜಮೈಕಾದಿಂದ ಬಂದವರು. ಗುರುವಾರ ಎರಡು ಗಂಟೆಗೆ ಚರ್ಚಿನ ಮಹಡಿಯ ಕೋಣೆಯಲ್ಲಿ, ಪೊಲೀಸರ ಕೈಗೆ ಸಿಕ್ಕಿ ನೊಂದ ನಮ್ಮಂಥವರನ್ನು ಕೂರಿಸಿಕೊಂಡು ಮಾತಾಡಿಸುತ್ತಾರೆ. ಎಂಟು ಕುರ್ಚಿ. ಈ ತಿಂಗಳಿಂದ ಒಂದು ಕೀಮಾರ್‌ಗೆ. ಸತತ ಮೂರು ಗುರುವಾರ ಬರದಿದ್ದರೆ ಅದು ಬೇರೆಯವರಿಗೆ. ನಲವತ್ತು ಜನ ಕಾಯುತ್ತಿದ್ದಾರೆ.

ಮಾರ್ಚ್ 7, ಗುರುವಾರ. ಮಧ್ಯಾಹ್ನ 3.10

ಹೋಗಲಿಲ್ಲ.

ಹನ್ನೆರಡೂವರೆಗೇ ಬಟ್ಟೆ ಹಾಕಿಕೊಳ್ಳಲು ಶುರು ಮಾಡಿದ. ಟೋಪಿ ಇರುವ ಜಾಕೆಟ್ — ಬೇಡ, ಮುಖ ಮುಚ್ಚಿಕೊಂಡ ಅಂತಾರೆ. ದಪ್ಪ ಕೋಟು — ಒಳಗೆ ಏನೋ ಇಟ್ಟಿದ್ದಾನೆ ಅಂತಾರೆ. ಕೋಟೇ ಇಲ್ಲದೆ — ಬರ್ಮಿಂಗ್‌ಹ್ಯಾಮ್ ಮಳೆಯಲ್ಲಿ ಕೋಟಿಲ್ಲದವನು ಎಲ್ಲಿಂದಲೋ ಓಡಿ ಬಂದ ಅಂತಾರೆ.

"ಬೆತ್ತಲೆ ಹೋಗು," ಎಂದೆ. "ಬಚ್ಚಿಡೋಕೆ ಏನೂ ಇರಲ್ಲ."

"ಜೆವಾನ್, ನಿನ್ನ ಬಾಯಿಗೆ ಬೀಗ ಹಾಕ," ಎಂದಳು ಅಮ್ಮ.

ಒಂದೂ ನಲವತ್ತಕ್ಕೆ ಶೂ ಹಾಕಿಕೊಂಡ. ಮೆಟ್ಟಿಲ ಮೇಲೆ ಕೂತ. ಎರಡೂವರೆಗೆ ಶೂ ಬಿಚ್ಚಿದ.  ನಾನು ಒಂದೂ ಜೋಕ್ ಹೇಳಲಿಲ್ಲ — ಇತಿಹಾಸದಲ್ಲಿ ದಾಖಲಾಗಲಿ.

ಮಾರ್ಚ್ 11, ಸೋಮವಾರ

ಅದ್ಭುತ ಯೋಜನೆ. ಲೈಬ್ರರಿಯ ಪ್ರಿಂಟರಿನಲ್ಲಿ ಸಿದ್ಧವಾಯಿತು. ಮೇಲೆ ಕಿರೀಟ, ಸಿಂಹ, ದಪ್ಪಕ್ಷರದಲ್ಲಿ ಪೊಲೀಸ್ ನೋಟೀಸು. ಕೆಳಗೆ:

'ಈ ಮೂಲಕ ತಿಳಿಯಪಡಿಸುವುದೇನೆಂದರೆ, ಲೈಸೆನ್ಸ್ ಇಲ್ಲದೆ ಚೆಲುವನಾಗಿರುವ ಆಪಾದನೆಯ ಮೇಲೆ, ಹಾಗೂ ತಮ್ಮನ ಪಾಲಿನ ಬಿಸ್ಕತ್ತು ಭಕ್ಷಿಸಿದ ಸಂಬಂಧ, ಕೀಮಾರ್ ಎಂಬುವವರು ಗುರುವಾರ ಮಧ್ಯಾಹ್ನ ಎರಡಕ್ಕೆ ಮಿಸ್ ಯುಲಾಲಿಯವರ ಸಮಕ್ಷಮದಲ್ಲಿ ಖುದ್ದು ಹಾಜರಾಗತಕ್ಕದ್ದು.'

ಕಂದು ಲಕೋಟೆ. ನಾಳೆ ಬಾಗಿಲ ಸಂದಿಯಲ್ಲಿ. ನಗದೆ ಎಲ್ಲಿಗೆ ಹೋಗುತ್ತಾನೆ.

ಮಾರ್ಚ್ 12, ಮಂಗಳವಾರ

ಕಿರೀಟ ಮತ್ತು ಸಿಂಹದವರೆಗೆ ಮಾತ್ರ ಓದಿದ.

ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಒಳಗಿನಿಂದ ಉಸಿರಿನ ಸದ್ದು — ಓಡಿ ಬಂದವನ ಹಾಗೆ. ನಾನು ಹೊರಗೆ ನಿಂತು ಕೂಗಿದೆ: "ಅದು ನಾನು ಬರೆದಿದ್ದು ಕಣೋ. ಬಿಸ್ಕತ್ತು ಅಂತ ಇದೆ ನೋಡು. ಓದೋ." ಕೇಳಿಸಲಿಲ್ಲ. ಅಥವಾ ಕೇಳಿಸಿಯೂ ಒಳಗೆ ಇಳಿಯಲಿಲ್ಲ.

ಒಂದು ಗಂಟೆ ಕಳೆಯಿತು. ಎರಡು. ಪಕ್ಕದ ಮನೆಯ ಮಿಸೆಸ್ ಬ್ಲೇಕ್ ಬಂದು, "ಹುಡುಗ ಏನಾದ್ರೂ ಮಾಡ್ಕೊಂಡ್ರೆ? ಡಾಕ್ಟರಿಗೆ ಫೋನ್ ಮಾಡ್ತೀನಿ," ಎಂದರು. ಅಮ್ಮ ಅವರ ಕೈಯಿಂದ ಫೋನ್ ಕಿತ್ತುಕೊಂಡಳು. "ನನ್ ತಮ್ಮನ್ನ ಕೊಟ್ಟಿದ್ದಾಯ್ತು. ಮಗನ್ನ ಕೊಡಲ್ಲ." ನಂತರ ಅದೇ ಫೋನಿನಿಂದ ಮಿಸ್ ಯುಲಾಲಿಗೆ ಮಾಡಿದಳು.

ಬಂದರು. ಕೋಟು ಕೂಡ ಬಿಚ್ಚದೆ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಎಪ್ಪತ್ತು ವರ್ಷ, ಮಂಡಿಗಳು ಲಟಲಟ ಅಂದವು.

"ಕೀಮಾರ್, ನಿನ್ನ ಹೊರಗೆ ಕರೆಯೋಕೆ ಬಂದಿಲ್ಲ ಮಗಾ. ಮಂಡಿ ನೋವು, ಸ್ವಲ್ಪ ಕೂತ್ಕೋತೀನಿ. ನೀನೂ ಕೂತ್ಕೊ."

ಒಳಗೆ ಏನೋ ಸರಿದ ಸದ್ದು.

"ಕಾಲಿನ ಕೆಳಗೆ ಏನಿದೆ? ಟೈಲ್ಸಾ? ತಣ್ಣಗಿದೆಯಾ?"

ಒಳಗಿಂದ: "...ಹ್ಞೂಂ."

"ಹಾಗಾದ್ರೆ ನೀನು ನಿಮ್ಮನೇಲೇ ಇದೀಯ. ಆ ಗೋಡೆ ಹತ್ತಿರ ಇಲ್ಲ."

ಐದೂಕಾಲಿಗೆ ಚಿಲಕ ತೆಗೆದ. ಅಂಗಿ ಒದ್ದೆ. ನನ್ನನ್ನು ದಾಟಿ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಮಿಸ್ ಯುಲಾಲಿ ನನ್ನ ಕಿವಿ ಹಿಡಿದು ಬಗ್ಗಿಸಿದರು. "ನಗಿಸು. ಬೇಡ ಅನ್ನಲ್ಲ. ಆದ್ರೆ ಅವನ ಗಾಯದ ಮೇಲೆ ನಿಂತು ಕುಣೀಬೇಡ."

ಮಾರ್ಚ್ 14, ಗುರುವಾರ

ಮೆಟ್ಟಿಲವರೆಗೂ ಬರಲಿಲ್ಲ. ಎರಡನೇ ಗುರುವಾರ ಹೋಯಿತು. ಅದು ನನ್ನ ಖಾತೆಗೆ.

ಉಳಿದಿರುವುದು ಒಂದು.

ಮಾರ್ಚ್ 18, ಸೋಮವಾರ

ಕಾಲೇಜಿನಿಂದ ಬರುವಾಗ ಬಸ್ ಸ್ಟಾಪಿನಲ್ಲಿ. ಇಬ್ಬರು ಪೊಲೀಸರು. ಒಬ್ಬ ಬಹಳ ಮರ್ಯಾದೆಯಿಂದ ಮಾತಾಡಿದ. ಇನ್ನೊಬ್ಬ ನನ್ನ ಬೆಲ್ಟಿನೊಳಗೆ ಬೆರಳು ಹಾಕಿ ಸುತ್ತಲೂ ಎಳೆದು ನೋಡಿದ. ಮೂರನೇ ಬೀದಿಯ ಬಿಳಿ ಅಜ್ಜಿ, ಚಿಕ್ಕಂದಿನಿಂದ ನನ್ನನ್ನು ನೋಡಿದವರು, ಬೇರೆ ಕಡೆ ತಿರುಗಿಕೊಂಡರು.

ಒಂದು ಜೋಕ್ ಹೇಳಿದೆ. ಏನೆಂದು ನೆನಪಿಲ್ಲ. ಯಾರೂ ನಗಲಿಲ್ಲ.

ಚೀಟಿಯನ್ನು ಹರಿದು ಚರಂಡಿಗೆ ಹಾಕಿದೆ. ಕೀಮಾರ್‌ಗೆ ಗೊತ್ತಾಗಕೂಡದು. ಗೊತ್ತಾದರೆ ಗುರುವಾರ ಅಲ್ಲ, ಯಾವತ್ತೂ ಹೊರಡುವುದಿಲ್ಲ. ಅಮ್ಮನಿಗೂ ಬೇಡ. ಇಲ್ಲಿ ಮಾತ್ರ.

ಇನ್ನೂ ಬರೆಯಬೇಕೆಂದಿದ್ದೆ...

ಮಾರ್ಚ್ 20, ಬುಧವಾರ

ಬೆಲ್ಟ್ ಹಾಕಿಕೊಳ್ಳಲಾಗುತ್ತಿಲ್ಲ. ಹಗ್ಗ ಕಟ್ಟಿಕೊಂಡಿದ್ದೇನೆ. ಫ್ಯಾಶನ್ ಎಂದೆ. ಅಮ್ಮ ನಂಬಿದಳು.

ಮಾರ್ಚ್ 21, ಗುರುವಾರ

ಒಂದೂವರೆಗೆ ಶೂ ಹಾಕಿಕೊಂಡ. ನಾನು ಬಾಯಿ ಬಿಡಲಿಲ್ಲ. ಅವನೇ ಹೇಳಿದ: "ನೀನು ಏನಾದ್ರೂ ಹೇಳೋ. ಸುಮ್ನಿದ್ರೆ ಭಯ ಆಗುತ್ತೆ."

"ಮಹಾಪ್ರಭುಗಳು ಎಡಗಾಲು ಮೊದಲಿಡಬೇಕೋ, ಬಲಗಾಲೋ?"

"ಮುಚ್ಚು ಬಾಯಿ." ದಾಟಿದ.

ನಡೆದರೆ ಹದಿನಾಲ್ಕು ನಿಮಿಷ. ಗೋಡೆಯ ಪಕ್ಕದಲ್ಲೇ ನಡೆದ, ಸೋಕದೆ. ಅಂಗಡಿ ದಾಟಿದೆವು. ಸಲೂನ್ ದಾಟಿದೆವು. ಒಳಗಿಂದ ಯಾರೋ, "ಓಹೋ, ಬದುಕಿದೀಯಾ?" ಎಂದರು. ಕೈ ಎತ್ತಿದ. ಚರ್ಚು ಕಾಣುತ್ತಿತ್ತು.

ಆಗ ಪೊಲೀಸ್ ಕಾರು. ಹಿಂದಿನಿಂದ, ನಿಧಾನವಾಗಿ, ನಮ್ಮ ನಡಿಗೆಗೆ ಸರಿಯಾಗಿ.

ನಾನು ಅಣ್ಣನನ್ನೇ ನೋಡುತ್ತಿದ್ದೆ. ಓಡಿದರೆ ಮುಗಿಯಿತು. ಅವನು ಓಡಲಿಲ್ಲ. ನನ್ನ ಕೈಗಳನ್ನು ನೋಡುತ್ತಿದ್ದ. ನನಗೆ ಗೊತ್ತೇ ಆಗಿರಲಿಲ್ಲ — ಎರಡೂ ಜೇಬಿನಿಂದ ಹೊರಗೆ ಬಂದು, ಸೊಂಟದ ಪಕ್ಕದಲ್ಲಿ, ಅಂಗೈ ಬಿಚ್ಚಿ ನಿಂತಿದ್ದವು, ತಪಾಸಣೆಗೆ ನಿಂತವನ ಹಾಗೆ.

ಕಾರು ಮುಂದಕ್ಕೆ ಹೋಯಿತು.

"ಯಾವಾಗ?" ಎಂದ.

"ಏನ್ ಯಾವಾಗ?"

"ಜೆವಾನ್."

"...ಸೋಮವಾರ."

ತಿರುಗಿ ಮನೆಯ ಕಡೆ ನೋಡಿದ. ಈಗ ಹೊರಟ, ಅಂದುಕೊಂಡೆ. ನನ್ನ ಮೊಣಕೈ ಹಿಡಿದ, ಬಿಗಿಯಾಗಿ. ಚರ್ಚಿನವರೆಗೂ ಬಿಡಲಿಲ್ಲ. ಯಾರು ಯಾರನ್ನು ಕರೆದುಕೊಂಡು ಹೋದರೆಂದು ಹೇಳಲಾರೆ.

ಮಹಡಿಯಲ್ಲಿ ಏಳು ಜನ ಕೂತಿದ್ದರು. ಖಾಲಿ ಕುರ್ಚಿ ಒಂದೇ. ನಾನು ಹೊರಗೆ ಕಾಯಲು ಹೊರಟೆ.

"ಇವನು ಕೂತ್ಕೊಳ್ಳಲಿ ಮಿಸ್," ಎಂದ ಕೀಮಾರ್. "ನಾನು ನಿಂತ್ಕೋತೀನಿ. ಕುರ್ಚಿ ನಂದೇ, ಯಾರಿಗೂ ಕೊಡ್ಬೇಡಿ. ಇವತ್ತು ಇವನು ಕೂತ್ಕೊಳ್ಳಲಿ."

ಮಿಸ್ ಯುಲಾಲಿ ಅವನನ್ನು ನೋಡಿದರು. ಆಮೇಲೆ ನನ್ನನ್ನು, ಹಗ್ಗವನ್ನು. "ಬಾ ಮಗಾ."

ಅಣ್ಣ ನನ್ನ ಹಿಂದೆ ಗೋಡೆಗೆ ಒರಗಿ ನಿಂತ. ಬೆನ್ನು ಗೋಡೆಗೆ, ಮುಖ ನಮ್ಮ ಕಡೆ. ಎಲ್ಲರೂ ಕಾಯುತ್ತಿದ್ದರು. ನನ್ನ ಹತ್ತಿರ ಒಳ್ಳೆಯ ಜೋಕು ಸಿದ್ಧವಿತ್ತು, ಹಗ್ಗದ ಬಗ್ಗೆ. ಬಾಯಿ ತೆರೆದೆ. ಬಸ್ ಸ್ಟಾಪ್, ಎಂದೆ. ಇಬ್ಬರಿದ್ದರು, ಎಂದೆ. ಆಮೇಲೆ ನಾನು ಜೋಕು ಬಿಟ್ಟು, ಬೆಲ್ಟಿನ ವಿಷಯವನ್ನೂ ಹೇಳಿದೆ.